ಎಣ್ಣೆಯಲ್ಲಿ ಕರಗಿದ ಅನಿಲ ಏನು ಹೇಳುತ್ತದೆ?

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಎಣ್ಣೆಯ ಐದು ವರ್ಷದ ಅನಿಲ ಪರೀಕ್ಷೆಯ ಅಂಕಿಗಳನ್ನು, ಅನಿಲಗಳ ಪಾಲಿನಿಂದ ದೋಷದ ಬಗೆ ಗುರುತಿಸುವ ನಕ್ಷೆಯಾದ ಡುವಾಲ್ ತ್ರಿಕೋನಕ್ಕೆ ಹಾಕಿದೆವು. ಪ್ರತಿ ಮಾದರಿಯಲ್ಲೂ ಏನೋ ದೋಷ ತೋರಿಸುತ್ತಿದೆ. ನಂಬಬಹುದೇ?

ಉತ್ತರ: ಇಷ್ಟು ಬೇಗ ನಂಬಬೇಡಿ. ಆ ತ್ರಿಕೋನ ನೋಡುವುದು ಮೀಥೇನ್, ಎಥಿಲೀನ್, ಅಸಿಟಲೀನ್‌ಗಳ ಶೇಕಡಾ ಪಾಲನ್ನಷ್ಟೇ. ಅದರಲ್ಲಿ ‘ಸರಿಯಾಗಿದೆ’ ಎಂಬ ವಲಯವೇ ಇಲ್ಲ. ಮೂರೂ ಸೇರಿ 3 ಪಿಪಿಎಂ (ಹತ್ತು ಲಕ್ಷದಲ್ಲಿ 3 ಪಾಲು) ಇದ್ದರೂ ಬಿಂದು ಯಾವುದಾದರೊಂದು ದೋಷದ ಮೇಲೆ ಬೀಳಲೇಬೇಕು.

ಮೊದಲು ಏರಿಕೆಯ ವೇಗ ನೋಡಿ. ಎರಡು ಮಾದರಿಗಳ ನಡುವಿನ ವ್ಯತ್ಯಾಸವನ್ನು ದಿನಗಳಿಂದ ಭಾಗಿಸಿ. ವರ್ಷಗಟ್ಟಲೆ ಅಲುಗಾಡದ ಹೆಚ್ಚಿನ ಅಂಕಿಗಿಂತ, ತಿಂಗಳಲ್ಲಿ ದುಪ್ಪಟ್ಟಾದ ಸಣ್ಣ ಅಂಕಿಯೇ ಅಪಾಯಕಾರಿ. ಏರುತ್ತಿದ್ದರೆ ಮಾತ್ರ ತ್ರಿಕೋನಕ್ಕೆ ಹೋಗಿ. ಎಥಿಲೀನ್ ಮೇಲುಗೈಯಾದರೆ ಎಣ್ಣೆಯಲ್ಲಿ ಬಿಸಿ ಲೋಹ, ಅಸಿಟಲೀನ್ ಆದರೆ ಕಿಡಿ ಅಥವಾ ಆರ್ಕ್ (ವಿದ್ಯುತ್ ಚಾಪ).

ಅಸಿಟಲೀನ್ ಕಂಡ ಕೂಡಲೇ ಟ್ಯಾಂಕ್ ಬಿಚ್ಚಲು ಹೊರಡಬೇಡಿ. ವೋಲ್ಟೇಜ್ ಹೊಂದಿಸುವ ಟ್ಯಾಪ್ ಚೇಂಜರ್‌ನ ಎಣ್ಣೆ ಮುಖ್ಯ ಟ್ಯಾಂಕಿಗೆ ಸೋರಿದರೂ ಅದು ಬರುತ್ತದೆ. ಇನ್ನು ಎಣ್ಣೆ ಸೋಸಿ ಅನಿಲ ತೆಗೆದ ದಿನಾಂಕವನ್ನು ಪಟ್ಟಿಯಲ್ಲಿ ಗುರುತಿಸದಿದ್ದರೆ ಇಡೀ ಲೆಕ್ಕ ಹಾಳು: ಅನಿಲ ಹೊರಹೋಗಿ ಅಂಕಿ ಕುಸಿಯುತ್ತದೆ, ಆಮೇಲೆ ಸುರುಳಿಗೆ ಸುತ್ತಿದ ನಿರೋಧಕ ಕಾಗದದಲ್ಲಿ ಉಳಿದ ಎಣ್ಣೆಯಿಂದ ಮೆಲ್ಲಗೆ ಮರಳುತ್ತದೆ. ಮಾದರಿ ತೆಗೆದ ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೆ ಹೈಡ್ರೋಜನ್ ಮೊದಲು ಕಡಿಮೆ ಕಾಣುತ್ತದೆ.

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್‌ ಅನ್ನು ಕಾರ್ಬನ್ ಮೊನಾಕ್ಸೈಡ್‌ನಿಂದ ಭಾಗಿಸಿದಾಗ 3ಕ್ಕಿಂತ ಕಡಿಮೆ ಬಂದರೆ?

ಉತ್ತರ: ಕಾಗದ ಸುಡುತ್ತಿರುವ ಶಂಕೆ. ಆದರೆ ಇದೊಂದರಿಂದಲೇ ತೀರ್ಮಾನಿಸಬೇಡಿ. ಕಾಗದ ಹಾಳಾದಾಗ ಎಣ್ಣೆಗೆ ಸೇರುವ ಫ್ಯೂರಾನ್ ಎಂಬ ರಾಸಾಯನಿಕಗಳ ಪರೀಕ್ಷೆಯನ್ನೂ ಮಾಡಿಸಿ.