ಮುಂಬೈಯ ಅಂಧೇರಿಯಿಂದ ಆಜಾದ್ ಮೈದಾನದ ಸಭೆಗೆ ವೀಲ್‌ಚೇರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಟ್ಯಾಕ್ಸಿಯೋ, ಲೋಕಲ್ ರೈಲೋ? ಯಾವುದು ಹತ್ತಿರ ಇಳಿಸುತ್ತದೆ?

ನಾನೂ ಒಂದು ಕಾಲಕ್ಕೆ ಇದೇ ಲೆಕ್ಕ ಹಾಕಿಕೊಂಡು ಹೊರಟವನು. ಆಗ ಆ ಕಡೆಗೆ ಮೆಟ್ರೊ ಇರಲಿಲ್ಲ. ಅಣ್ಣನಿಗೆ ಪೋಲಿಯೊ, ವೀಲ್‌ಚೇರ್ ಇಲ್ಲದೆ ಆಗದು. ಪಿಂಚಣಿಯವರ ಸಭೆ. ಟ್ಯಾಕ್ಸಿ ವಿಟಿ, ಅಂದರೆ ಈಗಿನ ಸಿಎಸ್‌ಎಂಟಿ, ರೈಲ್ವೆ ಸ್ಟೇಷನ್ ಎದುರಿಗೇ ತಂದು ನಿಲ್ಲಿಸಿತು. ರಸ್ತೆಯಾಚೆ ಪೆಂಡಾಲಿನ ತುದಿ ಕಾಣುತ್ತಿತ್ತು, ಮೈಕಿನ ಮಾತು ಕಿವಿಗೆ ಬೀಳುತ್ತಿತ್ತು. ಆದರೆ ರಸ್ತೆಯುದ್ದಕ್ಕೂ ಬ್ಯಾರಿಕೇಡ್ ಇಟ್ಟು ಬಂದವರನ್ನೆಲ್ಲ ಸಬ್‌ವೇ ಕಡೆ ಕಳಿಸುತ್ತಿದ್ದರು. ಸಬ್‌ವೇಗೆ ಇಳಿಯುವುದು ಮೆಟ್ಟಿಲ ಮೇಲೆ.

ನನ್ನ ತಪ್ಪು ಇಷ್ಟೇ: ದೂರ ನೋಡಿದೆ, ಬದಿ ನೋಡಲಿಲ್ಲ. ಕಾಲಿದ್ದವನಿಗೆ ರಸ್ತೆಯ ಆ ಬದಿ, ಈ ಬದಿ ಎರಡೂ ಒಂದೇ ಜಾಗ. ವೀಲ್‌ಚೇರಿಗೆ ಹಾಗಲ್ಲ. ಫೋನಿನ ಮ್ಯಾಪು ತೋರಿಸುವ ‘ಎರಡು ನಿಮಿಷದ ನಡಿಗೆ’ಯಲ್ಲಿ ಮೆಟ್ಟಿಲಿನ ಲೆಕ್ಕ ಇರುವುದಿಲ್ಲ. ಇನ್ನೊಂದು ಮಾತು. ಟ್ಯಾಕ್ಸಿ ನಿಲ್ಲುವುದು ರಸ್ತೆಯ ಎಡಕ್ಕೆ. ಅಂದರೆ ಇಳಿಯುವಾಗ ಮೈದಾನ ನಿಮ್ಮ ಎಡಗಡೆಗೇ ಇರಬೇಕು. ಬಲಗಡೆ ಇತ್ತೋ, ನಡುವೆ ಒಂದು ಇಡೀ ರಸ್ತೆ ಉಳಿಯಿತು ಅಂತಲೇ ಅರ್ಥ. ಅರ್ಧ ಕಿಲೋಮೀಟರ್ ಹಿಂದೆಯೇ, ಆದರೆ ಮೈದಾನದ ಬದಿಗೆ ಇಳಿದಿದ್ದರೆ ಆರಾಮಾಗಿ ತಳ್ಳಿಕೊಂಡು ಹೋಗುತ್ತಿದ್ದೆ.

ಸಬ್‌ವೇ ಬಾಯಲ್ಲಿ ನಾಲ್ಕು ಹುಡುಗರು ಒಳ್ಳೆ ಮನಸ್ಸಿನಿಂದ ಬಂದರು. ಇಬ್ಬರು ಕುರ್ಚಿಯ ಕೈ ಇಡುವ ತೋಳನ್ನೇ ಹಿಡಿದು ಎತ್ತಿದರು. ಮೂರನೇ ಮೆಟ್ಟಿಲಲ್ಲಿ ಬಲತೋಳು ಕಳಚಿ ಹುಡುಗನ ಕೈಗೆ ಬಂತು, ಕುರ್ಚಿ ವಾಲಿತು, ಅಣ್ಣನ ಮೊಣಕೈ ಗೋಡೆಗೆ ಉಜ್ಜಿ ಸುಲಿಯಿತು. ‘ಮನೆಗೆ ಹೋಗೋಣ’ ಅಂದ. ಅಲ್ಲಿಂದಲೇ ವಾಪಸ್ಸು. ಬಹಳ ಕುರ್ಚಿಗಳಲ್ಲಿ ತೋಳು, ಕಾಲು ಇಡುವ ಹಲಗೆ ಎರಡೂ ಬಿಚ್ಚಿಡಲು ಬರುವಂಥವು. ಅವನ್ನು ಹಿಡಿದು ಎತ್ತಲೇಬಾರದು. ಎತ್ತಲೇಬೇಕಾಗಿ ಬಂದರೆ ಗಟ್ಟಿಮುಟ್ಟಾದವರು ಹಿಂದಿನ ಹಿಡಿಕೆ ಹಿಡಿದು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿಕೊಳ್ಳಲಿ, ಇನ್ನೊಬ್ಬರು ಮುಂದಿನ ಚಿಕ್ಕ ಗಾಲಿಯ ಮೇಲಿನ ಕಬ್ಬಿಣದ ಚೌಕಟ್ಟನ್ನು ಹಿಡಿಯಲಿ. ಇಳಿಯುವಾಗ ಕೂತವರ ಮುಖ ಕೆಳಗಿನ ಮೆಟ್ಟಿಲ ಕಡೆ, ಹತ್ತುವಾಗ ಕುರ್ಚಿಯ ಬೆನ್ನು ಮೇಲಕ್ಕೆ. ದೊಡ್ಡ ಗಾಲಿ ಒಂದೊಂದೇ ಮೆಟ್ಟಿಲು ಉರುಳಬೇಕು, ಗಾಳಿಯಲ್ಲಿ ತೇಲಬಾರದು.

ಟ್ಯಾಕ್ಸಿಯೋ ಲೋಕಲ್ಲೋ ಅನ್ನುವ ಪ್ರಶ್ನೆಯನ್ನೇ ಈಗ ಬಿಟ್ಟುಬಿಡಿ. ಮೆಟ್ರೊ 3, ಅಂದರೆ ಆಕ್ವಾ ಲೈನ್, 2025ರ ಅಕ್ಟೋಬರಿನಿಂದ ಕಫ್ ಪರೇಡ್‌ವರೆಗೂ ಓಡುತ್ತಿದೆ. ನೀವು ಅಂಧೇರಿಯಲ್ಲಿ ಮೆಟ್ರೊ 1 ಹತ್ತಿ ನಾಲ್ಕನೇ ಸ್ಟೇಷನ್ ಮರೋಳ್ ನಾಕಾದಲ್ಲಿ ಇಳಿಯಿರಿ. ಅದು ಮೇಲಿನ ಲೈನು, ಆಕ್ವಾ ನೆಲದಡಿಯದು. ಒಂದಾದ ಮೇಲೊಂದು ಲಿಫ್ಟ್ ಹಿಡಿಯಬೇಕು, ಇಪ್ಪತ್ತು ನಿಮಿಷ ಕೈಯಲ್ಲಿರಲಿ. ಅಲ್ಲಿಂದ ಸಿಎಸ್‌ಎಂಟಿ ಮೆಟ್ರೊಗೆ ಒಂದೇ ಗಾಡಿ. ಪ್ಲಾಟ್‌ಫಾರ್ಮೂ ಬೋಗಿಯ ನೆಲವೂ ಒಂದೇ ಮಟ್ಟ, ಯಾರೂ ಎತ್ತಬೇಕಿಲ್ಲ. ಇಳಿದ ಕೂಡಲೇ ಕಂಡ ಲಿಫ್ಟಿಗೆ ನುಗ್ಗಬೇಡಿ. ಮೈದಾನದ ಬದಿಗೆ ತೆರೆಯುವ ಲಿಫ್ಟ್ ಯಾವುದು, ಇವತ್ತು ಅದು ತೆರೆದಿದೆಯೇ ಎಂದು ಸಿಬ್ಬಂದಿಯನ್ನು ಕೇಳಿಯೇ ಮೇಲೆ ಹೋಗಿ. ಮುಚ್ಚಿದ್ದರೆ ಮುಂದಿನ ಸ್ಟೇಷನ್ ಹುತಾತ್ಮ ಚೌಕಕ್ಕೆ ಹೋಗಿ, ಎಂ.ಜಿ. ರಸ್ತೆಯಲ್ಲಿ ಸುಮಾರು ಒಂದು ಕಿಲೋಮೀಟರ್ ತಳ್ಳಿಕೊಂಡು ಬನ್ನಿ. ಫ್ಯಾಷನ್ ಸ್ಟ್ರೀಟ್ ಅಂಗಡಿಗಳಿರುವ ಬದಿ ಬೇಡ. ಬಾಂಬೆ ಜಿಮ್ಖಾನಾ ಇರುವ ಬದಿಗೇ ಇರಿ, ಮೈದಾನ ಇರುವುದೂ ಅದೇ ಬದಿಗೆ.

ಫುಟ್‌ಪಾತಿನ ಬಾಯಲ್ಲಿ ಬೈಕ್ ತಡೆಯಲು ನೆಟ್ಟ ಕಂಬಗಳಿವೆ. ವೀಲ್‌ಚೇರುಗಳು ಅವುಗಳ ನಡುವೆ ತೂರುವುದಿಲ್ಲ ಎಂಬ ದೂರನ್ನು ಬಾಂಬೆ ಹೈಕೋರ್ಟ್ 2023ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತ್ತು. ಕುರ್ಚಿಯ ಹೊರ ಅಗಲವನ್ನು, ಗಾಲಿಯ ಹೊರಬಳೆ ಸೇರಿಸಿ, ಮನೆಯಲ್ಲೇ ಅಳೆದಿಟ್ಟುಕೊಳ್ಳಿ. ಸಾಮಾನ್ಯವಾಗಿ 60ರಿಂದ 68 ಸೆಂಟಿಮೀಟರ್ ಇರುತ್ತದೆ.

ಲೋಕಲ್ ಬಗ್ಗೆ ಒಂದೇ ಒಳ್ಳೆಯ ಮಾತು: ವಿಟಿ, ಚರ್ಚ್‌ಗೇಟ್ ಎರಡರಲ್ಲೂ ಹಳಿ ಅಲ್ಲಿಗೇ ಮುಗಿಯುತ್ತದೆ. ಬ್ರಿಜ್ ಹತ್ತದೆ ಹೊರಗೆ ಬರಬಹುದು. ಆದರೆ ಹತ್ತುವುದು ಅಂಧೇರಿಯಲ್ಲಿ. ಗಾಡಿ ನಿಲ್ಲುವ ಅರೆನಿಮಿಷದಲ್ಲಿ, ಸಭೆಯ ದಿನದ ನೂಕುನುಗ್ಗಲಿನಲ್ಲಿ, ಅಂಗವಿಕಲರ ಡಬ್ಬಾಕ್ಕೆ ಕುರ್ಚಿ ಸಮೇತ ಅಮ್ಮನನ್ನು ಹತ್ತಿಸುತ್ತೇನೆ ಅನ್ನಬೇಡಿ. ಟ್ಯಾಕ್ಸಿಯೇ ಬೇಕೆಂದರೆ, ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಯ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುತ್ತದೆ, ಮಡಚಿದ ಕುರ್ಚಿಯೂ ಹಿಡಿಸುವುದಿಲ್ಲ. ಮೇಲಿನ ಕ್ಯಾರಿಯರಿಗೆ ಕಟ್ಟಲು ಹಗ್ಗ ನೀವೇ ಒಯ್ಯಿರಿ.

ಮೈದಾನದೊಳಗೆ ಮಣ್ಣು. ಮುಂದಿನ ಚಿಕ್ಕ ಗಾಲಿ ಹೂತರೆ ಇನ್ನಷ್ಟು ತಳ್ಳಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಕುರ್ಚಿ ತಿರುಗಿಸಿ, ದೊಡ್ಡ ಗಾಲಿ ಮೊದಲಾಗಿ ಹಿಂದಕ್ಕೆ ಎಳೆದುಕೊಂಡು ಹೋಗಿ. ವ್ಯಾನಿನ ಶೌಚಾಲಯಗಳಿಗೆ ಮೆಟ್ಟಿಲಿರುತ್ತದೆ, ಮೆಟ್ರೊ ಸ್ಟೇಷನ್ನಿನಲ್ಲೇ ಮುಗಿಸಿಕೊಳ್ಳಿ. ಕೂರುವುದು ವೇದಿಕೆಯ ಎದುರಿಗಲ್ಲ, ದಾರಿಯ ಅಂಚಿಗೆ. ಮುಗಿಯಲು ಇಪ್ಪತ್ತು ನಿಮಿಷ ಇರುವಾಗಲೇ ಎದ್ದುಬಿಡಿ. ಜನ ಎದ್ದ ಮೇಲೆ ಲಿಫ್ಟಿನ ಮುಂದೆ ಕಾಲುನೋವಿನವರ ಸಾಲೇ ಬೇರೆ, ಅವರಿಗೂ ಅದು ಬೇಕು.

ಹಿಂದಿನ ದಿನ ಸಂಘಟಕರಿಗೆ ಫೋನ್ ಮಾಡಿ, ಒಳಹೋಗುವ ಗೇಟು ಯಾವ ರಸ್ತೆಗೆ ಎಂದು ಕೇಳಿ. ಗೇಟಿನಲ್ಲಿ ಕಟ್ಟೆ ಇದ್ದರೆ ಹಲಗೆ ಹಾಕಿಸಲು ಹೇಳಿ. ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು: 15 ಸೆಂಟಿಮೀಟರ್ ಕಟ್ಟೆಗೆ 1.8 ಮೀಟರ್, ಅಂದರೆ ಆರಡಿ ಹಲಗೆ. ‘ಒಂದು ಹಲಗೆ ಇಡಿ’ ಎಂದಷ್ಟೇ ಹೇಳಿದರೆ ಎರಡಡಿಯದು ತಂದಿಡುತ್ತಾರೆ; ಅದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ.