ಯಂತ್ರ ಸಮಾಧಾನ: ಹತ್ತು ನಿಮಿಷ ಓಡಿ ನಿಲ್ಲುವ ಹಳೆಯ ಟ್ರ್ಯಾಕ್ಟರ್

ಪ್ರಶ್ನೆ: ತಂದೆಯವರ ಕಾಲದ ಎಚ್‌ಎಂಟಿ 2511 ಟ್ರ್ಯಾಕ್ಟರ್ ನಮ್ಮಲ್ಲಿದೆ. ಈಗ ಅದನ್ನು ಮನೆಯ ಹಿಂದಿನ ಲಿಂಬೆ ತೋಟದ ಕೆಲಸಕ್ಕೆ ಮಾತ್ರ ಬಳಸುತ್ತೇವೆ. ಚಾಲೂ ಆಗಿ ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ದಮ್ಮು ಕಟ್ಟಿದಂತಾಗಿ ನಿಂತುಬಿಡುತ್ತದೆ. ಅರ್ಧ ತಾಸು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಡೀಸೆಲ್ ಪಂಪನ್ನು ಬಿಚ್ಚಿ ಕಲಬುರಗಿಗೆ ಕಳುಹಿಸಬೇಕೆಂದು ಮಿಸ್ತ್ರಿ ಹೇಳುತ್ತಾರೆ. ಕಳುಹಿಸಬೇಕೇ? (ಆಳಂದ ತಾಲ್ಲೂಕಿನ ಓದುಗರು)

ಉತ್ತರ: ಸದ್ಯಕ್ಕೆ ಪಂಪನ್ನು ಮುಟ್ಟಬೇಡಿ. ಅರ್ಧ ತಾಸಿನ ಬಳಿಕ ತಾನಾಗಿಯೇ ಚಾಲೂ ಆಗುವ ಎಂಜಿನ್ನಿಗೆ ಹೆಚ್ಚಾಗಿ ಡೀಸೆಲ್ ಸಾಲದೆ ಬಂದಿರುತ್ತದೆ, ಆ ಕೊರತೆ ಪಂಪಿಗಿಂತ ಹಿಂದೆಯೇ ಎಲ್ಲೋ ಇರುತ್ತದೆ. ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಡೀಸೆಲ್ ಇಳಿದಂತೆಲ್ಲ ಆ ಜಾಗಕ್ಕೆ ಗಾಳಿ ಒಳಬರಬೇಕಾದದ್ದು ಆ ತೂತಿನಿಂದಲೇ. ನಮ್ಮ ಎರೆ ಭೂಮಿಯ ನುಣ್ಣನೆಯ ಧೂಳು ಡೀಸೆಲ್ ಪಸೆಗೆ ಅಂಟಿ ಒಣಗಿ ತೂತನ್ನು ಮುಚ್ಚಿದರೆ, ಟ್ಯಾಂಕಿನೊಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತಾ ಹೋಗಿ ಡೀಸೆಲ್ ಕೆಳಗಿಳಿಯುವುದೇ ನಿಲ್ಲುತ್ತದೆ. ಗಾಡಿ ನಿಂತಾಗ ಗಾಳಿ ನಿಧಾನವಾಗಿ ಎಲ್ಲಿಂದಲೋ ಒಳಸೇರಿಕೊಳ್ಳುವುದರಿಂದ ಅರ್ಧ ತಾಸಿನಲ್ಲಿ ಎಲ್ಲವೂ ಸರಿಯಾದಂತೆ ಕಾಣುತ್ತದೆ. ಸೇಡಂ ಕಡೆ ನಾನು ನೋಡಿದ ಒಂದು ಗಾಡಿಗೆ ಎರಡು ಸಲ ಪಂಪು ರಿಪೇರಿಯಾಗಿತ್ತು. ಗಾಡಿ ನಿಂತ ಕೂಡಲೇ ಮುಚ್ಚಳವನ್ನು ತಿರುಗಿಸಿದಾಗ ಸುಯ್ಯೆಂದು ಗಾಳಿ ಒಳಗೆಳೆದ ಸದ್ದು ಕೇಳಿಸಿತು, ಸೂಜಿಯಿಂದ ತೂತನ್ನು ಬಿಡಿಸಿದ ಮೇಲೆ ಗಾಡಿ ನಿಲ್ಲಲಿಲ್ಲ. ನೀವೂ ಮುಂದಿನ ಸಲ ಗಾಡಿ ನಿಂತ ಕ್ಷಣದಲ್ಲೇ ಮುಚ್ಚಳ ತೆರೆದು ಕಿವಿಗೊಟ್ಟು ಕೇಳಿ.

ಸದ್ದು ಬಾರದಿದ್ದರೆ ಡೀಸೆಲ್ ಹರಿವನ್ನು ಪರೀಕ್ಷಿಸಬೇಕು. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಕಡೆ ಬಿಚ್ಚಿ, ಗಾಜಿನ ಬಾಟಲಿಯೊಂದನ್ನು ಹಿಡಿದು ನಳ ತೆರೆಯಿರಿ. ಧಾರೆ ಕಡಿಯದೆ, ಒಂದೇ ದಪ್ಪದಲ್ಲಿ ಬೀಳಬೇಕು. ಮೊದಲು ಚೆನ್ನಾಗಿ ಬಿದ್ದು ಆಮೇಲೆ ಸಣ್ಣದಾದರೆ ಟ್ಯಾಂಕಿನ ತಳದ ಜಾಲರಿಗೆ ಕಸ ಅಡ್ಡ ಬಂದಿದೆ ಎಂದು ತಿಳಿಯಿರಿ. ಬಾಟಲಿಯನ್ನು ಅಲುಗಿಸದೆ ಒಂದು ತಾಸು ಇಟ್ಟರೆ, ನೀರು ಸೇರಿದ್ದಲ್ಲಿ ಅದು ಡೀಸೆಲ್ಲಿನ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ತೋಟಕ್ಕಷ್ಟೇ ಬಳಸುವ ಗಾಡಿಯ ಟ್ಯಾಂಕು ತಿಂಗಳುಗಟ್ಟಲೆ ಅರ್ಧ ಖಾಲಿ ಇರುವುದರಿಂದ ಒಳಗಿನ ತೇವ ತಣ್ಣಗಾಗಿ ನೀರಾಗುತ್ತದೆ, ತುಕ್ಕೂ ಹಿಡಿಯುತ್ತದೆ. ಆದ್ದರಿಂದ ಗಾಡಿ ನಿಲ್ಲಿಸಿಡುವಾಗ ಟ್ಯಾಂಕು ತುಂಬಿಸಿಡುವುದು ಒಳ್ಳೆಯದು.

ಪೈಪನ್ನು ಬಿಚ್ಚಿದ ಮೇಲೆ ಲೈನಿನೊಳಗೆ ಸೇರಿದ ಗಾಳಿಯನ್ನು ತೆಗೆಯಲೇಬೇಕು. ಮೊದಲು ಫಿಲ್ಟರಿನ ಮೇಲಿನ ಗಾಳಿ ಸ್ಕ್ರೂವನ್ನು ಸಡಿಲಿಸಿ, ಪಂಪಿನ ಮಗ್ಗುಲಿನ ಕೈಪಂಪನ್ನು ಒತ್ತುತ್ತಾ ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಆಮೇಲೆ ಪಂಪಿನ ಮೇಲಿನ ಸ್ಕ್ರೂವಿಗೂ ಹಾಗೆಯೇ ಮಾಡಿ. ಕೊನೆಗೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬಳಿಯ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಡೀಸೆಲ್ ಚಿಮ್ಮುವವರೆಗೆ ಎಂಜಿನನ್ನು ತಿರುಗಿಸಿ, ನಟ್ಟನ್ನು ಬಿಗಿಯಿರಿ. ಈ ಹಂತದಲ್ಲಿ ಕೈಯನ್ನು ದೂರವಿಡಿ. ನಾಝಲ್ಲಿನಿಂದ ಸಿಡಿಯುವ ಡೀಸೆಲ್ ಚರ್ಮವನ್ನು ಸೀಳಿ ಮಾಂಸದೊಳಗೆ ಹೋಗಬಲ್ಲದು. ನೋವು ಕಡಿಮೆಯಿದ್ದರೂ ಅಂಥ ಗಾಯಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಿಚ್ಚಿದ ಜೋಡಣೆಗಳಲ್ಲಿರುವ ತಾಮ್ರದ ವಾಷರುಗಳು ಹಳೆಯದಾಗಿ ಗಟ್ಟಿಯಾಗಿದ್ದರೆ ಎಷ್ಟು ಬಿಗಿದರೂ ಸೋರುತ್ತವೆ, ಗಾಳಿಯನ್ನೂ ಎಳೆಯುತ್ತವೆ. ಹೊಸದು ಸಿಗದಿದ್ದರೆ ವಾಷರನ್ನು ತಂತಿಗೆ ಪೋಣಿಸಿ ಗ್ಯಾಸ್ ಒಲೆಯ ಮೇಲೆ ಮಂದ ಕೆಂಪಾಗುವವರೆಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಮೇಲಿನ ಕಪ್ಪನ್ನು ನುಣುಪು ಕಾಗದದಿಂದ ಉಜ್ಜಿ ಹಾಕಿ. ಕಬ್ಬಿಣ ಹೀಗೆ ಮಾಡಿದರೆ ಗಟ್ಟಿಯಾಗಬಹುದು, ಆದರೆ ತಾಮ್ರ ಮೆತ್ತಗಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಎಂಜಿನ್ ಬಿಸಿಯಾದಾಗ ಮಾತ್ರ ಚಾಲೂ ಆಗಲು ತಕರಾರು ಮಾಡಿದರೆ, ಪಂಪಿನೊಳಗಿನ ಭಾಗಗಳು ಸವೆದಿವೆ ಎಂಬ ಮಿಸ್ತ್ರಿಯವರ ಮಾತನ್ನು ಒಪ್ಪಬಹುದು. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿನಲ್ಲಿ ಜಾರಿಹೋಗುತ್ತದೆ.

ಪ್ರಶ್ನೆ: ಶುಂಠಿ ಮತ್ತು ತರಕಾರಿ ಮಡಿಗಳಿಗೆಂದು ಮೂರು ಸಿಲಿಂಡರಿನ ಸಣ್ಣ ಟ್ರ್ಯಾಕ್ಟರನ್ನು ಹಳೆಯದೇ ಕೊಂಡಿದ್ದೇನೆ. ಡಿಸೆಂಬರ್ ಮುಂಜಾನೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಬಿಳಿ ಹೊಗೆ ಬರುತ್ತದೆ, ಚಾಲೂ ಆಗುವುದಿಲ್ಲ. ಏರ್ ಕ್ಲೀನರ್ ಮೇಲೆ ಪೆಟ್ರೋಲ್ ಬಟ್ಟೆ ಹಿಡಿಯುವ ಉಪಾಯ ಸರಿಯೇ? (ಭಾಲ್ಕಿ ತಾಲ್ಲೂಕಿನ ಓದುಗರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬಿಳಿ ಹೊಗೆ ಎಂದರೆ ಉರಿಯದೆ ಹೊರಬರುತ್ತಿರುವ ಡೀಸೆಲ್. ಡೀಸೆಲ್ ಬರುತ್ತಿದೆ, ಶಾಖ ಸಾಲದು. ಸಮುದ್ರ ಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೀದರ್ ಕಡೆ ಚಳಿಗಾಲದ ಮುಂಜಾನೆ ಇದು ಸಹಜ. ಕೀಲಿಯಲ್ಲಿ ಹೀಟರ್ ಸ್ಥಾನ ಇದ್ದರೆ ನಿಮ್ಮ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಸಿಲಿಂಡರಿಗೊಂದು ಗ್ಲೋ ಪ್ಲಗ್ (ಚಾಲೂ ಮಾಡುವ ಮುನ್ನ ಒಳಗೆ ಬಿಸಿ ಕೊಡುವ ವಿದ್ಯುತ್ ಕಡ್ಡಿ) ಇರುತ್ತದೆ. ಪ್ಲಗ್ ಕೆಂಪಾಗಿರುವಾಗ ಪೆಟ್ರೋಲ್ ಆವಿ ಒಳಹೋದರೆ ಅಕಾಲದಲ್ಲಿ ಸ್ಫೋಟಗೊಂಡು ಪಿಸ್ಟನ್ ಅಥವಾ ಕನೆಕ್ಟಿಂಗ್ ರಾಡ್ ಮುರಿಯಬಹುದು, ಬಟ್ಟೆ ಹಿಡಿದವರ ಕೈ ಮುಖ ಸುಡಬಹುದು.

ಪ್ಲಗ್‌ಗಳನ್ನು ಜೋಡಿಸಿರುವ ಪಟ್ಟಿಯನ್ನು ಬಿಚ್ಚಿ, 12 ವೋಲ್ಟಿನ ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಪ್ಲಗ್ಗಿನ ತುದಿಗೂ ತಾಗಿಸಿ. ಬಲ್ಬು ಉರಿಯದ ಪ್ಲಗ್ ಕೆಟ್ಟಿದೆ. ಮೂರರಲ್ಲಿ ಎರಡು ಹೋಗಿದ್ದರೂ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಮೂರೂ ಸರಿಯಿದ್ದರೆ ಬ್ಯಾಟರಿಯನ್ನು ನೋಡಿ: ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಅದು ದುರ್ಬಲವಾಗಿದೆ. ಮೈನಸ್ ಕೇಬಲ್ ಚಾಸಿಗೆ ಸೇರುವಲ್ಲಿ ತುಕ್ಕು ಇದ್ದರೂ ಇದೇ ತೊಂದರೆ ಬರುತ್ತದೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಹೊಲ ಹರಗುವಾಗ ನಮ್ಮ ಹಳೆಯ ಟ್ರ್ಯಾಕ್ಟರ್ ವಿಪರೀತ ಕಾಯುತ್ತದೆ. ಬೋರಿನ ನೀರು ಹಾಕುತ್ತೇವೆ. (ಶಹಾಪುರ ತಾಲ್ಲೂಕಿನ ಓದುಗರು)

ಉತ್ತರ: ಬೋರಿನ ಗಡಸು ನೀರನ್ನು ಮೊದಲು ಬಿಡಿ, ಅದರ ಉಪ್ಪು ರೇಡಿಯೇಟರ್ ಒಳಗೆ ಪದರವಾಗಿ ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರಿಗೆ ಕೂಲಂಟ್ ಬೆರೆಸಿ ಹಾಕಿ. ಹೊರಗಿನ ಜಾಲರಿಯ ಧೂಳನ್ನು ಫ್ಯಾನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ಗಾಳಿ ಊದಿ ತೆಗೆಯಿರಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ 12ರಿಂದ 15 ಮಿಲಿಮೀಟರ್ ಬಾಗಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ.

ಒಳಹೋಗುವ ಗಾಳಿಯ ಧೂಳನ್ನು ಆಯಿಲಿನಲ್ಲಿ ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ, ಧೂಳಿನ ಕೆಲಸದ ದಿನಗಳಲ್ಲಿ ಅದರ ಬಟ್ಟಲನ್ನು ದಿನಾ ಬಿಚ್ಚಿ ನೋಡಿ. ತಳಕ್ಕೆ ಬೆರಳಿಟ್ಟಾಗ ಕೆಸರು ಸಿಕ್ಕರೆ ಆಯಿಲನ್ನು ಚೆಲ್ಲಿ, ಬಟ್ಟಲನ್ನು ಡೀಸೆಲ್ಲಿನಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ತುಂಬಿ. ಗುರುತು ಮೀರಿದರೆ ಎಂಜಿನ್ ಆ ಆಯಿಲನ್ನೇ ಹೀರಿ ಅಂಕೆಯಿಲ್ಲದೆ ಓಡುವ ಅಪಾಯವಿದೆ.

ಪ್ರಶ್ನೆ: ಎಚ್‌ಎಂಟಿ ಗಾಡಿಯ ಬಿಡಿಭಾಗ ಈಗ ಸಿಗುತ್ತದೆಯೇ? (ಹುಮನಾಬಾದ್ ತಾಲ್ಲೂಕಿನ ಓದುಗರು)

ಉತ್ತರ: ಜೆಕೊಸ್ಲೊವಾಕಿಯಾದ ಝೆಟೋರ್ ತಂತ್ರಜ್ಞಾನದಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಆದರೆ ಬೇರಿಂಗ್ ಮತ್ತು ಆಯಿಲ್ ಸೀಲ್‌ಗಳಿಗೆ ಕಂಪನಿಯ ಹೆಸರು ಬೇಕಿಲ್ಲ, ಅಳತೆ ಸಾಕು. ಬೇರಿಂಗಿನ ಅಂಚಿನಲ್ಲಿ 6205 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿಲಿಮೀಟರ್ ಎಂದರ್ಥ, ಯಾವ ಬೇರಿಂಗ್ ಅಂಗಡಿಯಲ್ಲಿ ಕೇಳಿದರೂ ಅದೇ ಅಳತೆಯದು ಸಿಗುತ್ತದೆ. ಸೀಲಿನ ಮೇಲಿನ ಮೂರು ಅಂಕಿಗಳೂ ಇದೇ ಕ್ರಮದವು. ಅಕ್ಷರ ಅಳಿಸಿದ್ದರೆ ಹಳೆಯ ಭಾಗವನ್ನು ಎಸೆಯದೆ ಜೊತೆಗೆ ಒಯ್ಯಿರಿ, ಅಂಗಡಿಯವರು ವರ್ನಿಯರ್ ಹಿಡಿದು ಅಳೆದು ಕೊಡುತ್ತಾರೆ.