ಎಲ್ಲರ ಮುಂದೆ ಒಂದೇ ಥರ ಇರಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಕೆಲವನ್ನು ಒಟ್ಟಿಗೆ ಇಟ್ಟಿದ್ದೇನೆ. ಬರೆದವರು ಬೇರೆ ಬೇರೆ, ಸಂಕಟ ಮಾತ್ರ ಹತ್ತಿರಹತ್ತಿರದ್ದು. ನಾಲ್ಕು ಜನರ ನಡುವೆ ಹೇಗಿರಬೇಕು ಎನ್ನುವುದು. ಸಮಾಜಶಾಸ್ತ್ರದ ಪಾಠ ಮಾಡುತ್ತಲೇ ಬಹಳ ವರ್ಷ ಕಳೆದವಳು ನಾನು, ಈ ವಿಷಯ ಬಂದರೆ ಮಾತು ನಿಲ್ಲುವುದಿಲ್ಲ. ಅದಕ್ಕೇ ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಎಂದಿನಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಆಫೀಸಿನಲ್ಲಿ ನಾನು ಅಳೆದು ತೂಗಿ ಮಾತಾಡುವವಳು. ಹಳೇ ಗೆಳತಿಯರ ಜೊತೆ ಬಾಯಿಗೆ ಬಂದದ್ದೆಲ್ಲ ಮಾತು, ಜೋರು ನಗು. ಅಮ್ಮನ ಹತ್ತಿರ ಈಗಲೂ ಹಟ ಮಾಡುತ್ತೇನೆ. ಇತ್ತೀಚೆಗೆ ನನ್ನ ಹುಟ್ಟುಹಬ್ಬಕ್ಕೆ ಮೂರೂ ಕಡೆಯವರು ಒಟ್ಟಿಗೆ ಬಂದರು. ಯಾರ ಜೊತೆ ಯಾವ ದನಿಯಲ್ಲಿ ಮಾತಾಡಬೇಕೆಂದೇ ತಿಳಿಯಲಿಲ್ಲ. ಒಬ್ಬ ಗೆಳತಿ, 'ಆಫೀಸಿನವರ ಮುಂದೆ ಎಷ್ಟು ನಾಟಕ ಮಾಡ್ತೀಯೇ!' ಅಂದುಬಿಟ್ಟಳು. ಅವತ್ತಿನಿಂದ ಅದೇ ಮಾತು ಕೊರೆಯುತ್ತಿದೆ. ಇವರಲ್ಲಿ ನಿಜವಾದ ನಾನು ಯಾರು?

ಉತ್ತರ: ಮೂವರೂ ನೀವೇ.

ಪಕ್ಕದ ಕೋಣೆಯಲ್ಲಿ ನನ್ನ ಮಗಳು ಫೋನಿನಲ್ಲಿ ಮಾತಾಡುವಾಗ ಪದಗಳು ಕೇಳಿಸದಿದ್ದರೂ ಆ ಕಡೆ ಯಾರಿದ್ದಾರೆ ಎಂದು ನಾನು ಹೇಳಬಲ್ಲೆ. ಮೇಲಧಿಕಾರಿಯೋ, ಗೆಳತಿಯೋ, ಪುಟ್ಟ ಮಗುವೋ ದನಿಯಲ್ಲೇ ಗೊತ್ತಾಗುತ್ತದೆ. ಬದಲಾಯಿಸುತ್ತಿದ್ದೇನೆ ಎನ್ನುವುದು ಅವಳ ಗಮನಕ್ಕೂ ಬಂದಿಲ್ಲ. ಒಬ್ಬ ಮನುಷ್ಯನನ್ನು ಎಷ್ಟು ಜನ ಬಲ್ಲರೋ ಅವನಿಗೆ ಅಷ್ಟು ಸಾಮಾಜಿಕ ರೂಪಗಳಿರುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು.

ಇದನ್ನು ತೀರಾ ಹತ್ತಿರದಿಂದ ನೋಡಿದವರು ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ. ಹುಟ್ಟಿದ್ದು ಕೆನಡಾದಲ್ಲಿ. 1949ರಿಂದ 1951ರ ನಡುವೆ ಅವರು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಇದ್ದರು. ಅಲ್ಲಿನ ಒಂದು ಹೋಟೆಲಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಸುಮ್ಮನೆ ನೋಡುತ್ತಾ ಹೋದರು. ಅಡುಗೆಮನೆಯಲ್ಲಿ ಎಲ್ಲರದ್ದೂ ತಮ್ಮ ಊರಿನ ನಡೆ, ಊರಿನ ಮಾತು. ಬಾಗಿಲು ದಾಟಿ ಅತಿಥಿಗಳ ಮುಂದೆ ಬಂದರೆ ಬೇರೆಯೇ ಠೀವಿ. ಮುಂದೆ ರಂಗ, ಹಿಂದೆ ನೇಪಥ್ಯ ಎಂದು ಅವರು ಹೇಳಿದ್ದು ಇದನ್ನೇ ನೋಡಿ.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಆ ಅಡುಗೆಮನೆಯ ಬಾಗಿಲು. ಕೆಲಸದ ಹೆಣ್ಣುಮಕ್ಕಳಿಗೆ ಅದು ತೆರೆದಿರಬೇಕಿತ್ತು. ತಟ್ಟೆಗಳನ್ನು ಹಿಡಿದು ಓಡಾಡಲು ಸುಲಭ, ಅತಿಥಿಗಳ ಮೇಲೂ ಒಂದು ಕಣ್ಣಿಡಬಹುದು. ಹೋಟೆಲ್ ನಡೆಸುವವರಿಗೆ ಅದು ಮುಚ್ಚಿರಬೇಕಿತ್ತು. ಅತಿಥಿಗಳು ಅವರನ್ನು ತಮ್ಮಂಥ ಅನುಕೂಲಸ್ಥರೆಂದು ತಿಳಿದಿದ್ದರು. ಒಳಗೆ ಅವರು ಇರುವ ರೀತಿ ಕಂಡರೆ ಆ ಗೌರವ ಕಡಿಮೆಯಾಗುತ್ತಿತ್ತು. ಹಾಗಾಗಿ ಹೆಚ್ಚುಕಮ್ಮಿ ದಿನವೂ ಒಬ್ಬರು ಬಾಗಿಲನ್ನು ದಬಾರನೆ ಮುಚ್ಚುವುದು, ಇನ್ನೊಬ್ಬರು ಸಿಟ್ಟಿನಿಂದ ತಳ್ಳಿ ತೆಗೆಯುವುದು.

ಅಡುಗೆಮನೆ ಒಂದೇ, ಅಲ್ವಾ? ಭಯ ಮಾತ್ರ ಒಂದು ಕಡೆಯವರಿಗೆ. ಮುಂದೆ ಜಾಸ್ತಿ ತೋರಿಸಿಕೊಂಡವರಿಗೆ. ಹಾಗಾದರೆ ಆಫೀಸಿನಲ್ಲಿ ನೀವು ಏನೆಂದು ತೋರಿಸಿಕೊಂಡಿದ್ದೀರಿ? ನಿಮ್ಮ ಜೋರು ನಗು ಕೇಳಿದರೆ ಅದರಲ್ಲಿ ಯಾವುದು ಸುಳ್ಳಾಗುತ್ತದೆ? ಕೆಲಸ ಅಚ್ಚುಕಟ್ಟಾಗಿ ಮಾಡುವವಳು, ಹೇಳಿದ ದಿನಕ್ಕೆ ಮುಗಿಸುವವಳು ಎಂದು ಅವರು ನಂಬಿದ್ದರೆ, ನಿಮ್ಮ ನಗುವಿನಿಂದ ಆ ನಂಬಿಕೆಗೆ ಏನೂ ಆಗುವುದಿಲ್ಲ. ನಿಮಗೆ ಕಾಯಬೇಕಾದ ಬಾಗಿಲೇ ಇಲ್ಲ ಅನ್ನಿಸುತ್ತದೆ ನನಗೆ.

ಪಾತ್ರ ಎಂದರೆ ಎದುರಿನವರಿಗೆ ಕೊಟ್ಟ ಭರವಸೆ. ಇದು ನನ್ನ ಗಟ್ಟಿ ನಂಬಿಕೆ. ಮನೆಯಲ್ಲಿ ಅತ್ತು ಬಂದ ವೈದ್ಯರೂ ರೋಗಿಯ ಮುಂದೆ ಧೈರ್ಯವಾಗಿ ಕೂತು ಮಾತಾಡುತ್ತಾರೆ. ಅದನ್ನು ಯಾರೂ ನಾಟಕ ಅನ್ನುವುದಿಲ್ಲ. ಆ ಹೊತ್ತಿಗೆ ರೋಗಿಗೆ ಬೇಕಿರುವುದು ಆ ಧೈರ್ಯ. ಮೋಸದ ವಿಷಯವೇ ಬೇರೆ. ಒಬ್ಬರ ಎದುರು 'ನಿಮ್ಮ ಪರವೇ ಇದ್ದೇನೆ' ಎಂದು ಹೇಳಿ, ಆ ಕಡೆ ಹೋಗಿ ಅವರ ಕೆಲಸ ಕೆಡಿಸಿದರೆ ಅದು ಮೋಸ. ನಿಮ್ಮ ಮೂರೂ ಕಡೆಯವರು ಒಂದು ದಿನ ಕೂತು ನಿಮ್ಮ ಬಗ್ಗೆ ಮಾತಾಡಿಕೊಂಡರು ಅಂದುಕೊಳ್ಳಿ. 'ಅವಳು ಹೀಗೂ ಇರ್ತಾಳಾ?' ಎಂದು ಅಚ್ಚರಿ ಆಗಬಹುದು. 'ನಂಬಿಸಿ ಕೈಕೊಟ್ಟಳು' ಎಂದು ಅವರಲ್ಲಿ ಯಾರಿಗಾದರೂ ಅನ್ನಿಸುತ್ತದಾ? ಇಲ್ಲ ಅಂತಾದರೆ, ಅವತ್ತು ನಿಮಗೆ ಆದದ್ದು ಮುಜುಗರ ಅಷ್ಟೇ.

ಮುಜುಗರ ಆಗುವುದು ಸಹಜ. ದಿನನಿತ್ಯ ನಾವು ಜನರನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ನೋಡುತ್ತೇವೆ. ಇಷ್ಟೊಂದು ಪಾತ್ರಗಳನ್ನು ನಿಭಾಯಿಸಲು ಆಗುವುದೇ ಅದರಿಂದ. ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿದರೆ ಆ ಅನುಕೂಲ ಹೋಗುತ್ತದೆ. ಮುಂದಿನ ಸಲ ಎಲ್ಲರನ್ನೂ ನೀವೇ ಪರಿಚಯ ಮಾಡಿಸಿ. ನಿಮ್ಮ ಹಳೇ ಕಿತಾಪತಿಯೊಂದನ್ನು ಆಫೀಸಿನವರಿಗೆ ನೀವೇ ಹೇಳಿ. ಇನ್ನೊಬ್ಬರ ಬಾಯಿಂದ ಬಯಲಾಗುವುದಕ್ಕೂ ತಾನಾಗಿ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ಗೆಳತಿಯನ್ನು ಮಾತ್ರ ದೂರ ಮಾಡಬೇಡಿ. ನಿಮ್ಮ ಇನ್ನೊಂದು ಮುಖವನ್ನು ಅವಳು ಅವತ್ತೇ ಮೊದಲು ಕಂಡದ್ದು. ಅವಳೂ ತಡಬಡಾಯಿಸಿರಬೇಕು.

ಪ್ರಶ್ನೆ: ಸಭೆಯೊಂದರಲ್ಲಿ ವಂದನೆ ಹೇಳುವಾಗ ಅತಿಥಿಯೊಬ್ಬರ ಹೆಸರು ತಪ್ಪಾಗಿ ಹೇಳಿದೆ. ಎಲ್ಲರೂ ಅದನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸಿ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಅವರ ಜೊತೆಗಾರರು 2000ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗೆ ಗಾಯಕರೊಬ್ಬರ ದೊಡ್ಡ ಚಿತ್ರವಿದ್ದ, ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಚಿತ್ರ ಗಮನಿಸಿರುತ್ತಾರೆ ಎಂಬುದು ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ. ನಿಮ್ಮ ತಪ್ಪನ್ನೂ ನೀವು ಅಂದುಕೊಂಡಷ್ಟು ಜನ ಗಮನಿಸಿರಲಿಕ್ಕಿಲ್ಲ. ಆ ಅತಿಥಿಗೆ ಮಾತ್ರ ಕ್ಷಮೆ ಕೇಳಿ ಒಂದು ಸಾಲು ಬರೆಯಿರಿ. ಉಳಿದವರ ಹತ್ತಿರ ಆ ಮಾತು ಎತ್ತಲೇಬೇಡಿ.

ಪ್ರಶ್ನೆ: ನನಗೆ ಬಡ್ತಿ ಬಂತು. ಇಷ್ಟು ದಿನ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಗೆಳೆಯರಿಗೆ ಈಗ ನಾನೇ ಮೇಲಿನವನು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತೆ. ನಾನು ಸ್ವಲ್ಪವೂ ಬದಲಾಗಿಲ್ಲ ಮೇಡಂ. ಇವರು ಯಾಕೆ ಹೀಗೆ?

ಉತ್ತರ: ನೋವಾಗಿದೆ ಎಂದು ಪತ್ರದಲ್ಲೇ ಕಾಣುತ್ತದೆ. ಆದರೂ 'ನಾನು ಬದಲಾಗಿಲ್ಲ' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಸೆಮೋರ್ ಲೀಬರ್‌ಮನ್ ಎಂಬುವರು ಅಮೆರಿಕದ ಒಂದು ಕಾರ್ಖಾನೆಯಲ್ಲಿ ಮಾಡಿದ ಅಧ್ಯಯನ 1956ರಲ್ಲಿ ಪ್ರಕಟವಾಯಿತು. ಮೊದಲು ಎಲ್ಲ ಕಾರ್ಮಿಕರ ಅಭಿಪ್ರಾಯಗಳನ್ನೂ ಬರೆಸಿಕೊಂಡರು. ಮುಂದೆ ಅವರಲ್ಲಿ 23 ಜನ ಫೋರ್‌ಮನ್, ಅಂದರೆ ಮೇಲ್ವಿಚಾರಕರು, ಆದರು, 35 ಜನ ಕಾರ್ಮಿಕ ಸಂಘದ ಪ್ರತಿನಿಧಿಗಳಾದರು. ಮತ್ತೆ ಕೇಳಿದಾಗ ಫೋರ್‌ಮನ್ ಆದವರ ಮಾತು ಆಡಳಿತದ ಕಡೆ ವಾಲಿತ್ತು, ಪ್ರತಿನಿಧಿಗಳದ್ದು ಸಂಘದ ಕಡೆ. ಆಮೇಲೆ ಬೇಡಿಕೆ ಕುಸಿದು ಕೆಲವು ಫೋರ್‌ಮನ್‌ಗಳು ಮತ್ತೆ ಮೊದಲಿನ ಕೆಲಸಕ್ಕೆ ಬಂದರು. ಅವರ ಅಭಿಪ್ರಾಯಗಳೂ ಹೆಚ್ಚುಕಮ್ಮಿ ಮೊದಲಿನ ಕಡೆಗೇ ತಿರುಗಿದವು. ಕುರ್ಚಿ ಮನುಷ್ಯನನ್ನು ಎಷ್ಟು ತಿದ್ದುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಅಧ್ಯಯನ ನನಗೆ ಸಿಕ್ಕಿಲ್ಲ.

ಅವರ ರಜೆಗೆ ಸಹಿ ಹಾಕುವವರು ಈಗ ನೀವು. ವರ್ಷದ ಕೊನೆಗೆ ಅವರ ಕೆಲಸ ಹೇಗಿತ್ತೆಂದು ಬರೆಯುವವರೂ ನೀವೇ. ಅವರಿಗೆ ನಿಮ್ಮ ಬಗ್ಗೆ ಗೊಣಗಲು ಒಂದು ಜಾಗ ಬೇಕು. ನೀವೂ ಮೊದಲಿನ ಮೇಲಧಿಕಾರಿಯ ಬಗ್ಗೆ ಅದೇ ಗುಂಪಿನಲ್ಲಿ ಗೊಣಗಿದ್ದೀರಿ ತಾನೇ? ಆ ಜಾಗವನ್ನು ಅವರಿಗೆ ಬಿಟ್ಟುಕೊಡಿ. ಬಿಡುವಿನ ಹೊತ್ತಿನಲ್ಲೆಲ್ಲ ಹೋಗಿ ನಡುವೆ ಕೂರಬೇಡಿ. 'ಏನೂ ಬದಲಾಗಿಲ್ಲ ಕಣ್ರೋ' ಎಂದು ಪದೇ ಪದೇ ಹೇಳಬೇಡಿ. ಬದಲಾಗಿದೆ ಎಂದು ಅವರಿಗೆ ಗೊತ್ತು, ಆ ಮಾತಿನಿಂದ ನಿಮ್ಮ ಮೇಲಿನ ನಂಬಿಕೆ ಇನ್ನಷ್ಟು ಕಡಿಮೆಯಾಗುತ್ತದೆ. ಒಂದು ಸಲ ಎಲ್ಲರನ್ನೂ ಕೂರಿಸಿ, ಯಾವ ವಿಷಯದಲ್ಲಿ ನಿಮ್ಮದೇ ಕೊನೆಯ ಮಾತು, ಯಾವುದರಲ್ಲಿ ಅವರನ್ನು ಕೇಳಿಯೇ ಮುಂದೆ ಹೋಗುತ್ತೀರಿ ಎಂದು ಬಿಡಿಸಿ ಹೇಳಿ. ಆಡಿದಂತೆ ನಡೆದುಕೊಳ್ಳಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಅವರಲ್ಲಿ ಒಬ್ಬರಾಗಿದ್ದಾಗ ನಿಮಗೆ ಏನೇನು ಅನ್ಯಾಯ ಅನ್ನಿಸುತ್ತಿತ್ತೋ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಆರು ತಿಂಗಳು ಕಳೆದರೆ ಅವುಗಳಲ್ಲಿ ಕೆಲವು 'ಅದು ಹಾಗೇ ಇರಬೇಕಲ್ಲ' ಅನ್ನಿಸತೊಡಗುತ್ತವೆ. ಒಂದೊಂದನ್ನೂ ಓದಿ ಕೇಳಿಕೊಳ್ಳಿ: ಈಗ ನನಗೆ ಹೊಸದಾಗಿ ಏನಾದರೂ ತಿಳಿದದ್ದರಿಂದ ಹೀಗೆ ಅನ್ನಿಸುತ್ತಿದೆಯಾ, ಇಲ್ಲಾ ಸುಮ್ನೆ ಈ ಕುರ್ಚಿಯಲ್ಲಿ ಕೂತದ್ದರಿಂದಲಾ?

ಪ್ರಶ್ನೆ: ಒಂದೇ ತಂಡವಾಗಿದ್ದ ನಮ್ಮನ್ನು ಕೆಲಸದ ಅನುಕೂಲಕ್ಕೆಂದು ಎರಡು ಮಾಡಿದರು. ಈಗ ಆ ತಂಡದವರನ್ನು ಕಂಡರೆ ನಮಗೆ ಆಗಲ್ಲ, ಅವರಿಗೆ ನಾವು ಆಗಲ್ಲ. ಜಗಳಕ್ಕೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ಉತ್ತರ: ಕಾರಣ ಬೇಕಾಗುವುದೇ ಇಲ್ಲ. ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಹುಡುಗರನ್ನು, ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಇಷ್ಟ ಎಂಬ ನೆಪ ಹೇಳಿ ಎರಡು ಗುಂಪು ಮಾಡಿದ್ದರು. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆ ಎಂದು ಒಬ್ಬನಿಗೂ ಗೊತ್ತಿರಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಪರವಾಗಿಲ್ಲ, ಆ ಕಡೆಯವರಿಗಿಂತ ಮೇಲಿರಬೇಕು ಎನ್ನುವ ಆಸೆಯೂ ಕಂಡಿತು. 1970ರಲ್ಲಿ ಇದು ಪ್ರಕಟವಾದ ಮೇಲೆ ಎಷ್ಟೋ ಜನ ಇದೇ ಪ್ರಯೋಗವನ್ನು ಮತ್ತೆ ಮಾಡಿದ್ದಾರೆ.

ಹಾಗಂತ ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಸಾಲದು. 1954ರಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರೀಫ್ ಅಮೆರಿಕದ ಒಕ್ಲಹೋಮದ ಶಿಬಿರವೊಂದರಲ್ಲಿ ಕಿತ್ತಾಡುತ್ತಿದ್ದ ಎರಡು ಗುಂಪಿನ ಹುಡುಗರನ್ನು ಹಾಗೆ ಕೂರಿಸಿದಾಗ ಅಲ್ಲೂ ಜಗಳವೇ ಆಯಿತು. ಕುಡಿಯುವ ನೀರು ನಿಂತುಹೋದಾಗ, ಲಾರಿ ಕೆಟ್ಟು ನಿಂತು ಎಲ್ಲರೂ ಸೇರಿ ಹಗ್ಗ ಹಿಡಿದು ಎಳೆಯಬೇಕಾಗಿ ಬಂದಾಗ ಜಗಳ ನಿಧಾನಕ್ಕೆ ಕರಗಿತು. ಇಬ್ಬರೂ ಕೈಹಾಕದೆ ಮುಗಿಯದ ಒಂದು ಕೆಲಸವನ್ನು ನಿಮ್ಮ ಮೇಲಿನವರ ಹತ್ತಿರ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಮೀಟಿಂಗ್‌ನಲ್ಲಿ ಎಲ್ಲರೂ ಒಪ್ಪಿದ ವಿಷಯ ನನಗೆ ತಪ್ಪು ಅನ್ನಿಸಿದರೂ ತಲೆಯಾಡಿಸಿ ಬರುತ್ತೇನೆ. ಆಮೇಲೆ ನನ್ನ ಮೇಲೇ ಬೇಸರ. ನಾನು ಪುಕ್ಕಲಳಾ?

ಉತ್ತರ: ಆ ಪದವನ್ನು ನಿಮ್ಮ ಬಗ್ಗೆ ಬಳಸಬೇಡಿ. ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೇಳಿದ್ದು ಯಾವ ಗೆರೆ ಯಾವುದರಷ್ಟು ಉದ್ದ ಎಂದು, ಅಷ್ಟೇ. ಕಣ್ಣಿದ್ದವರು ಯಾರು ಬೇಕಾದರೂ ಹೇಳಬಹುದು. ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಕೊಟ್ಟಾಗ, ವಿಷಯ ಗೊತ್ತಿಲ್ಲದೆ ಬಂದವರ ಉತ್ತರಗಳಲ್ಲಿ ಸುಮಾರು ಮೂರರಲ್ಲಿ ಒಂದು ಅದೇ ತಪ್ಪಿಗೆ ಸೇರಿತು. ಆಮೇಲೆ ವಿಚಾರಿಸಿದರೆ ಕೆಲವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂದಿತ್ತು. ಇನ್ನು ಕೆಲವರಿಗೆ ಸರಿ ಉತ್ತರ ಗೊತ್ತಿತ್ತು, ಒಬ್ಬರೇ ಬೇರೆಯಾಗಿ ಕಾಣುವುದು ಬೇಡವಾಗಿತ್ತು. ಗೆರೆಯ ವಿಷಯಕ್ಕೇ ಹೀಗಾದರೆ, ಕೆಲಸದ ವಿಷಯದಲ್ಲಿ ನಿಮಗೆ ಕಷ್ಟವಾಗುವುದು ದೊಡ್ಡ ಮಾತಲ್ಲ.

ಆದರೆ ನೀವು ತಲೆಯಾಡಿಸಿದ್ದನ್ನು ಬೇರೆಯವರು ಒಪ್ಪಿಗೆ ಎಂದೇ ಲೆಕ್ಕ ಹಾಕುತ್ತಾರೆ. ನಿಮ್ಮ ಹಾಗೇ ಅನುಮಾನವಿದ್ದ ಇನ್ನೊಬ್ಬರು ನಿಮ್ಮನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ. ಒಬ್ಬೊಬ್ಬರಿಗೂ ಬೇಡವಾದದ್ದನ್ನು ಇಡೀ ಗುಂಪು ಒಪ್ಪಿ ಎದ್ದುಬರುವುದು ಹೀಗೆ.

ಆಶ್ ಇನ್ನೊಂದನ್ನೂ ಕಂಡುಕೊಂಡರು. ಕೋಣೆಯಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೂ ಸಾಕು, ಗುಂಪಿಗೆ ತಲೆಬಾಗುವುದು ಬಹಳ ಕಡಿಮೆಯಾಯಿತು. ಆ ಒಬ್ಬರನ್ನು ಮೀಟಿಂಗ್‌ಗೆ ಮೊದಲೇ ಹುಡುಕಿಕೊಳ್ಳಿ. 'ಇದು ನನಗೆ ಸರಿ ಕಾಣ್ತಿಲ್ಲ, ನಿಮಗೇನು ಅನ್ನಿಸುತ್ತೆ?' ಎಂದು ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಯಾರೂ ಸಿಗದಿದ್ದರೆ ಮೀಟಿಂಗ್‌ನಲ್ಲಿ ನೇರವಾಗಿ ವಿರೋಧಿಸುವ ಬದಲು, ಒಪ್ಪುವ ಮೊದಲು ಎಲ್ಲರೂ ಒಂದು ಚೀಟಿಯಲ್ಲಿ ತಮ್ಮ ಅಭಿಪ್ರಾಯ ಬರೆಯೋಣ ಎಂದು ಸೂಚಿಸಿ. ಬರೆಯುವಾಗ ಜನ ತಮಗೆ ಅನ್ನಿಸಿದ್ದನ್ನೇ ಬರೆಯುವುದು ಹೆಚ್ಚು. ಚೀಟಿಗಳನ್ನು ಓದುವ ಕೆಲಸ ಮಾತ್ರ ಆ ವಿಷಯ ಮುಂದಿಟ್ಟವರಿಗೆ ಬೇಡ, ಬೇರೆ ಯಾರಿಗಾದರೂ ಕೊಡಿ.